ತಾಳ ಹಾಕುವವರು

ಹೆಸರೇನೋ ಇಂಚರ, ಆದರೆ ವನಜಾಳ ಮಗಳಿಗೆ ತಾಳಜ್ಞಾನ ಎಳ್ಳಷ್ಟೂ ಇರಲಿಲ್ಲ. "ದಿನದ ಮನೆಗೆಲಸದಲ್ಲೇ ತಾಳ ಹುಡುಕ್ಲಿ. ತಿಂಗಳು ಬಿಟ್ಟು ಬಂದು ನೋಡ್ತೀನಿ. ಆಗಲೂ ಬರದಿದ್ರೆ ಸೇರಿಸ್ಕೊಳ್ಳಲ್ಲ" ಎಂದಿದ್ದರು ಸಂಗೀತದ ಮೇಷ್ಟ್ರು.

ಅಂದಿನಿಂದ ಆ ಮನೆಯಲ್ಲಿ ತಾಳವಿಲ್ಲದೆ ಒಂದು ಲೋಟವೂ ಅಲುಗಲಿಲ್ಲ. ಬಟ್ಟೆ ಒಗೆದದ್ದು ಆದಿತಾಳದಲ್ಲಿ, ಕೊತ್ತಂಬರಿ ಹೆಚ್ಚಿದ್ದು ರೂಪಕದಲ್ಲಿ. ಅತ್ತೆಗೆ ಬಿಕ್ಕಳಿಕೆ ಬಂದಾಗಲೂ ವನಜಾ ನೀರು ಕೊಡುವ ಮೊದಲು ಮಗಳನ್ನು ಪಕ್ಕದಲ್ಲಿ ಕೂರಿಸಿದಳು. ಏನು ಮಾಡಿದರೂ ಹುಡುಗಿಯ ಕೈ ತೊಡೆಯ ಮೇಲೆ ಸರಿಯಾಗಿ ಬೀಳಲಿಲ್ಲ.

ಮೇಷ್ಟ್ರು ಬಂದರು. ಕಾಫಿ ಕುಡಿದು ಕೇಳಿದರು, "ನಿಮ್ಮನೇಲಿ ಚೆನ್ನಾಗಿ ತಾಳ ಹಾಕೋರು ಯಾರು, ಪುಟ್ಟಿ?"

"ಅಪ್ಪ. ಅಜ್ಜಿ ಏನ್ ಹೇಳಿದ್ರೂ ತಾಳ ಹಾಕ್ತಾರೆ ಅಂತ ಅಮ್ಮ ಹೇಳ್ತಿರ್ತಾಳೆ."

ಲೋಟ ಎತ್ತಿಕೊಂಡು ಒಳಗೆ ಹೊರಟಿದ್ದ ವನಜಾ ಅಲ್ಲೇ ನಿಂತಳು. ಅತ್ತೆ, ಪೇಪರ್ ಓದುತ್ತಿದ್ದ ಮಗನತ್ತ ತಿರುಗಿದರು.

"ನಾನು ಹೇಳಿದ್ದಕ್ಕೆಲ್ಲ ತಾಳ ಹಾಕ್ತೀಯೇನೋ ನೀನು? ಇಲ್ಲ ತಾನೆ?"

"ಇಲ್ಲಮ್ಮ."

"ನಿಂಗೂ ಸ್ವಂತ ಬುದ್ಧಿ ಇದೆ ತಾನೆ?"

"ಇದೆ ಅಮ್ಮ."

"ಹಾಗಾದ್ರೆ ನಿನ್ ಹೆಂಡ್ತಿ ಹೇಳಿದ್ದು ಸುಳ್ಳು ತಾನೆ?"

"ಸುಳ್ಳಮ್ಮ."

ಅಪ್ಪನ ಒಂದೊಂದು ಉತ್ತರಕ್ಕೂ ಟಪ್ ಎಂದು ಸದ್ದಾಗುತ್ತಿತ್ತು. ಇಂಚರಳ ಕೈ ತೊಡೆಯ ಮೇಲೆ ಬೀಳುತ್ತಿತ್ತು, ಕೂದಲೆಳೆಯಷ್ಟೂ ತಪ್ಪದೆ.

"ಸೋಮವಾರದಿಂದ ಕಳಿಸಿ," ಎಂದರು ಮೇಷ್ಟ್ರು. "ಅಜ್ಜಿ, ಅಪ್ಪ ಇಬ್ರೂ ಜೊತೆಗೆ ಬರ್ಲಿ."