ತಡವರಿಕೆಯ ಪಾಠ

ಒಗ್ಗರಣೆ ಮಂಡಕ್ಕಿಯ ತಟ್ಟೆ ಹಿಡಿದು ಬಂದ ಪವಿತ್ರ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೆ ಗಂಡ ಮಾರುತಿ ಕನ್ನಡಿಯ ಮುಂದೆ ನಿಂತು, "ಐ... ಐ... ವೆಲ್... ಐ ಮೀನ್..." ಎಂದು ತಡವರಿಸುತ್ತಿದ್ದ. ಸೀರೆ ಅಂಗಡಿಯಲ್ಲಿ ಕೂತು ದಿನವಿಡೀ ಸರಾಗವಾಗಿ ಮಾತಾಡುವ ಮನುಷ್ಯ ಅವನು. ಉಗ್ಗು ಇದ್ದದ್ದು ಅವಳಿಗೆ.

ಚಳ್ಳಕೆರೆಯ ತವರಿನಲ್ಲಿ ಅವಳು ಬಾಯಿ ತೆರೆಯುವಷ್ಟರಲ್ಲಿ ಯಾರಾದರೊಬ್ಬರು ಅವಳ ಮಾತು ಮುಗಿಸಿಬಿಡುತ್ತಿದ್ದರು. ಮದುವೆಯಾಗಿ ಮೊಳಕಾಲ್ಮೂರಿಗೆ ಬಂದ ಮೇಲೆ, ಅವಳ ಮಾತು ತಾನಾಗಿ ಮುಗಿಯುವವರೆಗೆ ಕಾಯ್ದವನು ಇವನೊಬ್ಬನೇ. ಈಗ ಅವನೇ ಹೀಗೆ ಮಾಡುವುದೆಂದರೆ?

"ನ... ನನ್ನ ಅಣಕಿಸ್ತೀರೇನ್ರಿ?" ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. ಮಂಡಕ್ಕಿ ನೆಲದ ತುಂಬ ಚೆಲ್ಲಾಡಿತು.

ಮಾರುತಿ ಕಕ್ಕಾಬಿಕ್ಕಿಯಾದ. "ಅಯ್ಯೋ, ಇಲ್ಲ ಕಣೇ! ನಾಳೆ ಲಂಡನ್ನಿನ ಅಂಗಡಿಯೋರು ಸೀರೆ ನೋಡಾಕೆ ವಿಡಿಯೋ ಕಾಲ್ ಮಾಡ್ತಾರೆ. ನನ್ನ ಇಂಗ್ಲಿಷ್ ಬಾಯಿಪಾಠ ಒಪ್ಪಿಸಿದಂಗೈತೆ ಅಂತ ಗೆಳೆಯ ವೀರೇಶ ನಕ್ಕ. ಅದಕ್ಕೇ ಯೂಟ್ಯೂಬ್ ನೋಡ್ಕಂಡು ಕಲೀತಿದ್ದೆ. ಇಲ್ನೋಡು."

ಮೊಬೈಲಿನಲ್ಲಿ ಇಂಗ್ಲಿಷ್ ಮೇಡಂ ಒಬ್ಬಳು ಪಾಠ ಹೇಳುತ್ತಿದ್ದಳು. ಮಾತಿನ ನಡುವೆ ನಿಂತಳು, ಪದಕ್ಕಾಗಿ ಸೂರಿನ ಕಡೆ ನೋಡಿದಳು, ಹೇಳಿದ್ದನ್ನೇ ಮತ್ತೆ ಹೇಳಿ ಹಗುರಾಗಿ ನಕ್ಕಳು. ನಾಚಿಕೆಯ ಸುಳಿವೇ ಇರಲಿಲ್ಲ.

"ಇಂಗ್ಲಿಷ್ ಮನೆಮಾತಾಗಿರೋರೂ ಹಿಂಗೇ ತಡವರಿಸ್ತಾರಂತೆ. ಒಂದೇ ಉಸಿರಿಗೆ ಒದರೋದು ನಮ್ಮಂಥೋರು ಮಾತ್ರ," ಎಂದ ಮಾರುತಿ.

ಪವಿತ್ರ ಆ ವಿಡಿಯೋವನ್ನು ಮತ್ತೊಮ್ಮೆ ಹಾಕಿಸಿ ನೋಡಿದಳು. ಆಮೇಲೆ ಮಂಚದ ಮೇಲೆ ಕೂತು, "ಎಲ್ಲಿ, ಇ... ಇನ್ನೊಂದ್ಸಲ ಹೇಳ್ರಿ," ಎಂದಳು.

"ವೆ... ವೆಲ್... ಐ ಮೀನ್..."

ಅವಳಿಗೆ ನಗು ತಡೆಯಲಾಗಲಿಲ್ಲ. "ಹಂ... ಹಂಗಲ್ರಿ. ನೀವು ಬೇಕಂತಲೇ ನಿಲ್ತೀರಿ. ಮಾತು ಗಂ... ಗಂಟಲತನಕ ಬಂದು ಸಿಕ್ಕಂಡಿರ್ಬೇಕು. ಆದ್ರೂ ಹೇ... ಹೇಳೇ ಹೇಳ್ತೀನಿ ಅನ್ನಂಗಿರ್ಬೇಕು."

ಮಾರುತಿ ಕೈಕಟ್ಟಿ ಅವಳೆದುರು ಕೂತ. ಮತ್ತೆ ಹೇಳಿದ. ಅವಳು ಮತ್ತೆ ತಿದ್ದಿದಳು. ಇಬ್ಬರ ನಗು ಪಡಸಾಲೆಯವರೆಗೂ ಹೋಯಿತು.

"ಪವಿತ್ರಾ, ಏನ್ ನಡೀತೈತೆ ಅಲ್ಲಿ?" ಅತ್ತೆ ರೇಣುಕಮ್ಮ ಅಲ್ಲಿಂದಲೇ ಕೂಗಿದರು.

ಅತ್ತೆ ಏನು ಕೇಳಿದರೂ ಒಂದು 'ಹ್ಞೂಂ'ನಲ್ಲೇ ಮುಗಿಸುತ್ತಿದ್ದ ಪವಿತ್ರ ಈ ಸಲ ದನಿ ಎತ್ತಿದಳು:

"ಇ... ಇ... ಇವರಿಗೆ ಇಂಗ್ಲಿಷ್ ಹೇಳಿಕೊಡ್ತಿದ್ದೀನಿ, ಅತ್ತೆ!"