ಜಾಕೆಟ್ಟಿಗೊಪ್ಪುವ ಬೂಟು

"ಕಪ್ಪು ಬೇಡ, ಪೊಲೀಸ್ ಥರ ಕಾಣ್ತೀಯ," ಎಂದಳು ಅವಳು.

ಬೂಟಿನ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ಅವನು ಮತ್ತೊಂದು ಜೊತೆಯನ್ನು ಕಳಚಿ ಬದಿಗೆ ತಳ್ಳಿದ. ಮೈಮೇಲೆ ಹಳೆಯ ಪೈಲಟ್ ಜಾಕೆಟ್ಟಿತ್ತು. ಕಂದು ಚರ್ಮ, ಉಣ್ಣೆಯ ಕಾಲರು. ಹಳೇ ಬಟ್ಟೆಗಳ ಸಂತೆಯಲ್ಲಿ ಸಿಕ್ಕಿದ್ದು. ಇನ್ನೇನು ಸ್ವಲ್ಪ ಹೊತ್ತಿಗೆ ಅವಳ ಅಪ್ಪನ ಮುಂದೆ ಮದುವೆಯ ಮಾತೆತ್ತಬೇಕಿತ್ತು. ಅವರು ವಾಯುಸೇನೆಯ ನಿವೃತ್ತ ಪೈಲಟ್; ಇವನು ಬರುವ ಕಾರಣ ಅವರಿಗೆ ಗೊತ್ತಿತ್ತು.

"ಅಪ್ಪ ಮೊದಲು ನೋಡೋದೇ ಕಾಲು. ಆ ಕಂದು ಬಣ್ಣದ್ದು ಹಾಕು."

ಹಾಕುವಾಗ ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕಿತು. ಅವಳು ನಕ್ಕಳು. "ಥೂ, ಒಂದು ಜೊತೆ ಸಾಕ್ಸೂ ತಗೊಳ್ಳೋ."

"ಬೂಟಿನೊಳಗೆ ಯಾರು ನೋಡ್ತಾರೆ? ಲೇಟಾಯ್ತು, ನಡಿ."

ಬೂಟು ಜಾಕೆಟ್ಟಿಗೆ ಹೇಳಿ ಮಾಡಿಸಿದಂತಿತ್ತು. ದಾರಿಯುದ್ದಕ್ಕೂ ಅವನು ಅಂಗಡಿಗಳ ಗಾಜಿನಲ್ಲಿ ತನ್ನನ್ನೇ ನೋಡಿಕೊಳ್ಳುತ್ತ ನಡೆದ.

ಬಾಗಿಲು ತೆರೆದವರು ಅವಳ ಅಪ್ಪನೇ. ಜಾಕೆಟ್ ನೋಡಿದರು, ಬೂಟು ನೋಡಿದರು, ಮೀಸೆಯಂಚಿನಲ್ಲೇ ನಕ್ಕರು.

"ಭಲೇ! ಬನ್ನಿ, ಬನ್ನಿ. ಬೂಟು ಅಲ್ಲೇ ಬಿಟ್ಟು ಒಳಗೆ ಬನ್ನಿ."

ಅವನು ಬಗ್ಗಿ ಲೇಸಿಗೆ ಕೈಹಾಕಿದ. ಅವರ ಕಣ್ಣು ಅವನ ಕಾಲಿನ ಮೇಲೇ ಇತ್ತು. ಅವನು ಎದ್ದು ನಿಂತ.

"ಪರವಾಗಿಲ್ಲ ಸರ್, ಇಲ್ಲೇ ಮಾತಾಡೋಣ."

"ಹೊಸ್ತಿಲಲ್ಲಾ?"

"ಸ್ವಲ್ಪ ಅರ್ಜೆಂಟಿದೆ ಸರ್."

ಅವಳು ಹಿಂದಿನಿಂದ ಜಾಕೆಟ್ಟನ್ನು ಜಗ್ಗಿದಳು. ಅವನು ಕದಲಲಿಲ್ಲ.

"ಮನೆಯೊಳಗೆ ಕಾಲಿಡೋಕೂ ಪುರುಸೊತ್ತಿಲ್ಲದವರಿಗೆ ನಾನು ಮಗಳನ್ನ ಕೊಡಲ್ಲ," ಎಂದವರೇ ಅವರು ಬೆನ್ನು ತಿರುಗಿಸಿ ಒಳಗೆ ನಡೆದರು.

ಅವರ ಎರಡೂ ಕಾಲುಚೀಲಗಳು ಹಿಮ್ಮಡಿಯಲ್ಲಿ ಹರಿದಿದ್ದವು.