ಏಳು ಸೆಕೆಂಡು

“ಏನಾದ್ರೂ ಒಂದು ಕೊಂಕು ತೆಗೆದು ಅವಳನ್ನ ಫೇಲ್ ಮಾಡ್ಬಿಡು. ಎಲ್ಲಾ ನಿನ್ನ ಕೈಲೇ ಇದೆಯಲ್ಲ” ಎಂದು ಅತ್ತಿಗೆ ಕೇಳಿಯೇಬಿಟ್ಟಾಗ ರೇಸಿನ ತಪಾಸಕ ತಬ್ಬಿಬ್ಬಾದ. ರೇಸಿಗೆ ಇನ್ನು ಮೂರೇ ಗಂಟೆ ಇತ್ತು. ಅತ್ತಿಗೆಯ ಮಗಳು ಆಗಲೇ ಬೆಂಕಿ ತಡೆಯುವ ಅಂಗಿ, ಕೈಗವಸು, ಹೆಲ್ಮೆಟ್ ಎಲ್ಲ ತೊಟ್ಟು ತಪಾಸಣೆಯ ಶೆಡ್ಡಿನಲ್ಲಿ ಕಾರಿನೊಳಗೆ ಕೂತಿದ್ದಳು. ಬಾಗಿಲಾಚೆ ನಡೆಯುತ್ತಿದ್ದ ಈ ಪಿಸುಮಾತು ಅವಳಿಗೆ ಕೇಳಿಸುವಂತಿರಲಿಲ್ಲ, ಪುಣ್ಯ.

ಚಾಲಕರೆಲ್ಲ ಅವನನ್ನು ಬೆನ್ನ ಹಿಂದೆ ‘ಗಂಟುಮೋರೆ’ ಎಂದೇ ಕರೆಯುತ್ತಿದ್ದರು. ಬೆಲ್ಟಿನಲ್ಲಿ ಒಂದು ಹೊಲಿಗೆ ಬಿಟ್ಟಿದ್ದರೂ ಎಂಥ ಗೆದ್ದೆತ್ತನ್ನಾದರೂ ಮುಲಾಜಿಲ್ಲದೆ ಮನೆಗೆ ಕಳಿಸುವ ಆಸಾಮಿ. ಅತ್ತಿಗೆಯ ಎದುರು ಮಾತ್ರ ಅವನ ಆಟ ನಡೆಯುತ್ತಿರಲಿಲ್ಲ. ಹದಿನೆಂಟು ವರ್ಷದ ಹಿಂದೆ ಇದೇ ಟ್ರ್ಯಾಕಿನಲ್ಲಿ ಅವನ ಅಣ್ಣನ ಕಾರು ಗೋಡೆಗೆ ಬಡಿದು ಬೆಂಕಿ ಹತ್ತಿಕೊಂಡಿತ್ತು. ಒಂದು ಮೂಳೆಯೂ ಮುರಿದಿರಲಿಲ್ಲ. ಹೊತ್ತಿಗೆ ಸರಿಯಾಗಿ ಹೊರಗೆ ಬರಲಾಗಲಿಲ್ಲ, ಅಷ್ಟೇ. ಆಮೇಲೆ ತಪಾಸಕನೇ ರೇಸು ಸಂಘದವರ ತಲೆ ತಿಂದು ತಿಂದು ಈ ಪರೀಕ್ಷೆ ತರಿಸಿದ. ಸೀಟಿ ಊದಿದ ಏಳು ಸೆಕೆಂಡಿನೊಳಗೆ ಚಾಲಕ ಬೆಲ್ಟು ಬಿಚ್ಚಿ, ದಾರಿಗಡ್ಡವಾಗುವ ಸ್ಟೀರಿಂಗ್ ಚಕ್ರ ಕಳಚಿ, ಹೊರಬಂದು ಎರಡೂ ಕಾಲು ನೆಲಕ್ಕೆ ಊರಬೇಕು. ಮೂರು ಅವಕಾಶ. ಆಗದಿದ್ದರೆ ಅವತ್ತು ರೇಸಿಲ್ಲ.

ಈಗ ಆ ಪರೀಕ್ಷೆಯನ್ನೇ ಸುಳ್ಳು ಮಾಡು ಎಂದರೆ? ಒಲ್ಲೆ ಎನ್ನಲು ಬಾಯಿ ಬರಲಿಲ್ಲ, ಹೂಂ ಎನ್ನಲು ಮನಸ್ಸು ಬರಲಿಲ್ಲ. ನಿಯಮದ ಪ್ರಕಾರ ಎರಡು ಸ್ಟಾಪ್‌ವಾಚು ಬೇಕು, ಇಬ್ಬರು ಒತ್ತಬೇಕು. ಜೊತೆಗಾರ ಪಕ್ಕದ ಶೆಡ್ಡಿಗೆ ಹೋದವನು ಇನ್ನೂ ಬಂದಿರಲಿಲ್ಲ. ತಪಾಸಕ ಜೇಬಿನಿಂದ ಎರಡನೆಯ ವಾಚು ತೆಗೆದು ಅತ್ತಿಗೆಯ ಕೈಯಲ್ಲಿಟ್ಟ.

“ನೀವೇ ನೋಡಿ ಅತ್ತಿಗೆ. ಇದರಲ್ಲಿ ಏಳು ದಾಟಿದ್ರೆ ದಾಟಿದೆ ಅಂತ್ಲೇ ಬರೀತೀನಿ.”

ಅತ್ತಿಗೆಗೆ ಬೇಕಾಗಿದ್ದು ಏಳು ದಾಟುವುದೇ. ಆದರೆ ಅತ್ತಿಗೆ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಸೆಕೆಂಡಿನ ಮುಳ್ಳು ನೋಡುತ್ತಾ ನಾಡಿ ಎಣಿಸಿದ ನರ್ಸು. ಹೊಟ್ಟೆಯಲ್ಲಿ ಏನೇ ಸಂಕಟವಿರಲಿ, ಎಣಿಕೆಯಲ್ಲಿ ಸುಳ್ಳಾಡುವ ಹೆಂಗಸಲ್ಲ ಎಂಬ ಒಂದು ಧೈರ್ಯವಿತ್ತು.

ಇಬ್ಬರೂ ಶೆಡ್ಡಿನೊಳಗೆ ಬಂದರು. ತಪಾಸಕ ಸೀಟಿ ಊದಿದ. ಬೆಲ್ಟು ಕಣ್ಣು ಮಿಟುಕಿಸುವುದರೊಳಗೆ ಬಿಚ್ಚಿತು, ಸ್ಟೀರಿಂಗೂ ಕಳಚಿತು. ಆದರೆ ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ಕಾರಿನ ಮೂತಿಯ ಮೇಲೆ ಜಾರದ ಹಾಗೆ ನೆಟ್ಟಗೆ ಕೂರಿಸಿ, ಆಮೇಲೆ ಇಳಿದಳು. ಎಂಟು. ಎರಡೂ ವಾಚಿನಲ್ಲಿ ಎಂಟು. ಎರಡನೆಯ ಸಲವೂ ಅದೇ ಕಥೆ.

ತಪಾಸಕನಿಗೆ ಎಡವಟ್ಟು ಎಲ್ಲಿದೆಯೆಂದು ಮೊದಲ ಸಲವೇ ಗೊತ್ತಾಗಿತ್ತು. ಆದರೆ ತಪಾಸಕ ಹೇಳಿಕೊಡುವ ಹಾಗಿಲ್ಲ. ನಾಲಿಗೆ ಕಚ್ಚಿಕೊಂಡು ನಿಂತ. ಮೂರನೆಯ ಸಲವೂ ಹೀಗೇ ಆದರೆ ಮುಗಿಯಿತು. ಅತ್ತಿಗೆ ಬಯಸಿದ್ದು ಯಾವ ಕೊಂಕೂ ಇಲ್ಲದೆ ಸಿಕ್ಕಿಬಿಡುತ್ತದೆ. ಅವರು ಸುಮ್ಮನೆ ನಿಂತಿದ್ದರೆ ಸಾಕು. ಹೆಲ್ಮೆಟ್ಟಿನೊಳಗೆ ಹುಡುಗಿಯ ಕಣ್ಣು ತುಂಬಿಕೊಂಡಿತ್ತು.

ಅತ್ತಿಗೆ ವಾಚನ್ನೇ ನೋಡುತ್ತಿದ್ದರು. ಆಮೇಲೆ ತಗ್ಗಿದ ದನಿಯಲ್ಲಿ, “ಅವತ್ತು ಅವರಿಗೆ ಇನ್ನೆಷ್ಟು ಸೆಕೆಂಡು ಬೇಕಾಗಿತ್ತು?” ಎಂದರು.

ಇಷ್ಟು ವರ್ಷ ಯಾರೂ ಕೇಳದಿದ್ದ ಪ್ರಶ್ನೆ. ಉತ್ತರ ಮಾತ್ರ ಅವನಿಗೆ ಬಾಯಿಪಾಠವಾಗಿತ್ತು. “ಬೆಲ್ಟು ಬಿಚ್ಚಿದ್ದ, ಅತ್ತಿಗೆ. ಇನ್ನೆರಡು ಸೆಕೆಂಡು ಸಿಕ್ಕಿದ್ರೆ ಸಾಕಿತ್ತು.”

ಅತ್ತಿಗೆ ದಡದಡನೆ ಕಾರಿನ ಹತ್ತಿರ ಹೋದರು. ಆ ಸ್ಟೀರಿಂಗನ್ನು ಯಾಕಷ್ಟು ಜೋಪಾನವಾಗಿ ಇಡುತ್ತಿದ್ದೀಯೆಂದು ಕೇಳಿದರು. ಮಗಳು ಪಿಳಿಪಿಳಿ ನೋಡಿದಳು. ತೆಗೆದ ವಸ್ತುವನ್ನು ಎಸೆಯಬಾರದು, ಇಡಬೇಕು ಅಂತ ನೀನೇ ತಾನೇ ಚಿಕ್ಕಂದಿನಿಂದ ಬೈದು ಬೈದು ಕಲಿಸಿದ್ದು ಎಂದಳು. ಸುಳ್ಳಲ್ಲ. ಆ ಮನೆಯಲ್ಲಿ ಒಂದು ಚಮಚ ಸದ್ದು ಮಾಡಿದರೂ ವಿಚಾರಣೆ ನಡೆಯುತ್ತಿತ್ತು. ತಪಾಸಕನೂ ಒಂದೆರಡು ಸಲ ಬೈಸಿಕೊಂಡವನೇ.

“ಎಸಿ” ಎಂದರು ಅತ್ತಿಗೆ. “ಕಿತ್ತು ಆಚೆ ಎಸಿ. ಒಡೆದ್ರೆ ಒಡೀಲಿ.”

ತಪಾಸಕ ತಲೆ ಎತ್ತಿ ಶೆಡ್ಡಿನ ತಗಡನ್ನು ನೋಡಿದ. ತಪಾಸಕ ಹೇಳಿಕೊಡಬಾರದೆಂದು ನಿಯಮದ ಪುಸ್ತಕದಲ್ಲಿತ್ತು. ತಾಯಿ ಹೇಳಿಕೊಡಬಾರದೆಂದು ಎಲ್ಲೂ ಇರಲಿಲ್ಲ. ಆ ಪುಸ್ತಕ ಬರೆದವನೇ ಅವನಾದ್ದರಿಂದ ಅಷ್ಟಂತೂ ಖಾತ್ರಿಯಿತ್ತು.

ಮೂರನೆಯ ಸೀಟಿಗೆ ಸ್ಟೀರಿಂಗ್ ಹಾರಿಹೋಗಿ ಗೋಡೆಗೆ ಢಣ್ ಎಂದು ಬಡಿಯಿತು. ಅದು ನೆಲ ಕಾಣುವ ಹೊತ್ತಿಗೆ ಹುಡುಗಿ ಕಾರಿನ ಪಕ್ಕ ನಿಂತಿದ್ದಳು. ಐದೂವರೆ! ಗಂಟುಮೋರೆಯ ಗಂಟೆಲ್ಲ ಸಡಿಲಾಯಿತು. ಎಷ್ಟೋ ವರ್ಷಗಳ ಮೇಲೆ ಅವನಿಗೆ ಮನಸಾರೆ ನಗು ಬಂತು. ಕಾಗದದ ಮೇಲೆ ಪಾಸು ಎಂದು ದೊಡ್ಡದಾಗಿ ಬರೆದು, ರುಜು ಹಾಕಿ, ವಾಚು ವಾಪಸು ಕೊಡಿ ಎಂದು ಅತ್ತಿಗೆಯ ಮುಂದೆ ಕೈಚಾಚಿದ.

ಅತ್ತಿಗೆ ಕೊಡಲಿಲ್ಲ. ಗುಂಡಿ ಒತ್ತಿ ಮುಳ್ಳನ್ನು ಸೊನ್ನೆಗೆ ತಂದರು. ಮಗಳು ಹೆಲ್ಮೆಟ್ ಕಳಚುತ್ತಾ, “ಪಾಸಾಯ್ತಲ್ಲಮ್ಮ” ಎಂದಳು.

“ಅದು ನಿಮ್ಮ ಚಿಕ್ಕಪ್ಪನ ಪರೀಕ್ಷೆ” ಎಂದರು ಅತ್ತಿಗೆ. “ಹೆಲ್ಮೆಟ್ ಹಾಕ್ಕೊಂಡು ಹೋಗಿ ಕಾರಲ್ಲಿ ಕೂತ್ಕೋ. ನಾಲ್ಕು ಸೆಕೆಂಡಿಗೆ ಬರೋವರೆಗೂ ನಾನು ಇಲ್ಲಿಂದ ಕದಲಲ್ಲ.”